ತೊಟ್ಟಿಲಿಗೊಂದು ಹಳೇ ಬಟ್ಟೆಯ ಕೌದಿ

ಶಿಕಾರಿಪುರದ ನಮ್ಮ ಬೀದಿಗೆ ಬೆಳಿಗ್ಗೆ ಕಸದ ಗಾಡಿ ಬಂದಾಗ ನಾನೊಂದು ಘನವಾದ ನಿರ್ಧಾರ ಕೈಗೊಂಡೆ. ಇನ್ನು ಮುಂದೆ ಈ ಮನೆಯಿಂದ ಒಂದು ಚಿಂದಿ ಬಟ್ಟೆಯೂ ಆ ಗಾಡಿ ಹತ್ತಕೂಡದು. ಸೊರಬದಲ್ಲಿ ನನ್ನ ತಂಗಿ ಸುಮಾಳ ಮೊಮ್ಮಗಳ ನಾಮಕರಣವಿತ್ತು. ಹಳೇ ಬಟ್ಟೆಗಳನ್ನೆಲ್ಲ ಸೇರಿಸಿ ಮಗುವಿಗೆ ನಾನೇ ಕೌದಿ ಹೊಲಿದು ತರುವುದಾಗಿ ಫೋನಿನಲ್ಲಿ ಸಾರಿಬಿಟ್ಟೆ.

“ಹೊಲಿಯಾಕೆ ಬರ್ತತೇನು ನಿನಗೆ?” ಎಂದರು ನಮ್ಮ ಯಜಮಾನರು.

“ಕೌದಿಗೆ ಬರೋದೇನ್ರೀ, ಸೂಜಿ ನೆಟ್ಟಗೆ ಹೋದ್ರೆ ಆತು.”

ನೆಟ್ಟಗೆ ಹೋಗುವುದೇ ಕಷ್ಟವೆಂದು ಆಮೇಲೆ ತಿಳಿಯಿತು. ತಪ್ಪು ಸೂಜಿಯದಲ್ಲ, ಬಟ್ಟೆಗಳದು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮಡಿಲಿಗೆ ಇಳಿಯುತ್ತಿತ್ತು. ಮಾಸಿದ ನೀಲಿ ಸೀರೆಯ ತುಂಡು ಕೈಗೆ ಬಂದರೆ, ಅದನ್ನುಟ್ಟು ಚಂದ್ರಗುತ್ತಿ ಬೆಟ್ಟ ಹತ್ತಿದ ದಿನದ ಗಾಳಿ ಮುಖಕ್ಕೆ ಬಂದ ಹಾಗಾಗುತ್ತಿತ್ತು. ಅಮ್ಮನ ರವಿಕೆಯ ತುಂಡು ಮುಟ್ಟಿದರೆ, ಅವಳ ಸೊಂಟದ ಮೇಲೆ ಕೂತು ಬೀದಿ ನೋಡುತ್ತಿರುವ ಹಾಗೆ. ಸೂಜಿ ತನ್ನ ಪಾಡಿಗೆ ಎಲ್ಲೆಲ್ಲೋ ಹೋಗುತ್ತಿತ್ತು. ನಾನೂ.

ಹೀಗೆ ತೇಲುತ್ತಿದ್ದಾಗಲೇ, ಗುಂಡಿ ಹಚ್ಚಲೆಂದು ಯಜಮಾನರು ಕೊಟ್ಟಿದ್ದ ಹಸಿರು ಅಂಗಿ ಎರಡು ಗಿಳಿಗಳಾಗಿ ಕೌದಿ ಸೇರಿತು.

“ನನ್ನ ಅಂಗಿ ಎಲ್ಲೈತಿ?”

“ಗಿಳಿ ಆಗೇತ್ರೀ.”

ಅವರು ಗಿಳಿಗಳನ್ನು ಬಹಳ ಹೊತ್ತು ನೋಡಿದರು. ಗುಂಡಿ ಮಾತ್ರ ನಾನಿನ್ನೂ ಹಚ್ಚಿರಲಿಲ್ಲ.

ಮರುದಿನ ಪಕ್ಕದ ಮನೆಯ ಗಿರಿಜಕ್ಕ ಬಂದರು. “ನಮ್ಮ ಹಳದಿ ದಿಂಬಿನ ಕವರ್ ಹಾರಿ ನಿಮ್ಮ ಕಡೆ ಬಂತೇನ್ರೀ?”

ಬಂದಿತ್ತು. ಗಿಳಿಗಳ ಮೇಲೆ ಹುಣ್ಣಿಮೆ ಚಂದ್ರನಾಗಿ ಹುಟ್ಟಿಯೂ ಆಗಿತ್ತು.

“ಇರಲಿ ಬಿಡ್ರೀ, ಕೂಸಿಗೆ ತಾನೇ,” ಎಂದರು ಪಾಪ. ಅಂದಿನಿಂದ ಅವರು ಬಟ್ಟೆ ಒಣಹಾಕಿದರೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ನಾಮಕರಣದ ದಿನ ಸಾಸಿವೆ ಬಣ್ಣದ ರೇಷ್ಮೆ ಸೀರೆ ಉಟ್ಟು ಸಿದ್ಧಳಾದೆ. ಕೌದಿಯ ಒಂದು ಅಂಚು ಮಾತ್ರ ಉಳಿದಿತ್ತು. ಮಡಿಲಲ್ಲಿ ಹರಡಿಕೊಂಡು ಹೊಲಿಯುತ್ತ ಕೂತೆ. ಅದರಡಿ ಮಲಗಿ ಆ ಮಗು ಕಾಣಬಹುದಾದ ಕನಸುಗಳನ್ನೆಲ್ಲ ಮುಂಗಡವಾಗಿ ನಾನೇ ಕಾಣತೊಡಗಿದೆ.

“ಬಸ್ಸಿಗೆ ಹೊತ್ತಾತು,” ಗೇಟಿನಿಂದ ಯಜಮಾನರ ಕೂಗು.

ದಾರ ಕಚ್ಚಿ ಕತ್ತರಿಸಿ ಎದ್ದೆ. ಕೌದಿಯೂ ಎದ್ದಿತು. ನಡೆದೆ. ಹಿಂದೆಯೇ ಬಂತು. ಅಂಚಿನ ಜೊತೆ ನನ್ನ ಸೆರಗನ್ನೂ ಸೇರಿಸಿ, ಜನ್ಮದಲ್ಲಿ ಹಾಕದಂಥ ಗಟ್ಟಿ ಹೊಲಿಗೆ ಹಾಕಿದ್ದೆ.

“ಬಿಚ್ಚಾಕೆ ಎಷ್ಟೊತ್ತು ಬೇಕು?”

“ಸಂಜೀತನ.”

ಅವರು ಒಳಗೆ ಹೋಗಿ ಕತ್ತರಿ ತಂದುಕೊಟ್ಟರು.

ಸೊರಬದಲ್ಲಿ ಮೋಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದೆ. ಮಗುವಿನ ಇನ್ನೊಬ್ಬ ಅಜ್ಜಿ ಕೌದಿ ಬಿಡಿಸಿ ನೋಡಿ, ನನ್ನನ್ನೂ ನೋಡಿದರು.

“ಎಂಥಾ ಚಂದ ಅದೆ ಮಾರಾಯ್ರೆ. ಸೀರೆಗೂ ಕೌದಿಗೂ ಮ್ಯಾಚಿಂಗ್ ಮಾಡಿದ್ದಾ?”

“ಹೌದು,” ಎಂದೆ ಗಂಭೀರವಾಗಿ. ಯಜಮಾನರು ಕೆಮ್ಮಿದರು.

ಮಗು ಸಾಸಿವೆ ರೇಷ್ಮೆಗೆ ಕೆನ್ನೆ ಒತ್ತಿ ನಿದ್ದೆಹೋಯಿತು. ಅದನ್ನು ನೋಡುತ್ತ ನಾನು ಸೀರೆಯ ದುಃಖವನ್ನೂ ಮರೆತು ನಿಂತಿದ್ದೆ. ಆಗ ಸುಮಾ ಕಿವಿಯ ಹತ್ತಿರ ಬಂದಳು.

“ಅಕ್ಕಾ, ಇದು ಮಗಳ ಮದುವೇಲಿ ನಾನು ನಿಂಗೆ ಕೊಟ್ಟ ಸೀರೆ ಅಲ್ದಾ?”

“ಹೌದೇ. ಅದರಲ್ಲೇ ಒಂದಿಷ್ಟು ವಾಪಸ್ ತಂದೀನಿ.”

ಮನೆಯ ಹಳೇ ಬಟ್ಟೆ ಕಡಿಮೆ ಮಾಡಲು ಹೊರಟವಳು, ಇದ್ದೊಂದು ಒಳ್ಳೇ ಸೀರೆಯನ್ನೂ ಹಳೆಯದರ ಸಾಲಿಗೆ ಸೇರಿಸಿಕೊಂಡು ಊರಿಗೆ ಮರಳಿದೆ.