ಪಟ್ಟಿಯಾಗ ಓದದ ಹೆಸರು

ನೀರು ಕಂಡ ಕೂಡಲೆ ಮಂದಿ ಅರಿವಿ ಜೋಡಿ ಬುದ್ಧಿನೂ ಕಳಚಿ ದಂಡಿಗೆ ಇಡ್ತಾರ. ಬೆಳಗಾವಿ ಈಜುಕೊಳದಾಗ ಅರಿವಿ-ಚಪ್ಪಲಿ ಕಾಯಾಕಿ ನಾ, ದಿನಾ ಒಂದು ತಮಾಷಾ ನೋಡೀನಿ. ಎರಡು ಸಾವಿರದ ಇಸವಿ ಸುಮಾರಿಗೆ, ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡು ನೀರಿನ ತಳದಾಗ ಅಡ್ಡಾಡೂದು ಕಲಸಾಕ ಗೋವಾ ಕಡಿಂದ ಒಬ್ಬ ಮಾಸ್ತರ ಬಂದ. ಆಮ್ಯಾಲಂತೂ ಕೇಳಬ್ಯಾಡ್ರಿ.

೧. ಮಾಸ್ತರನ ಕಣ್ಣು

ಕಲಿಯಾವ್ರು ಎಂಟು ಮಂದಿ, ಮಾಸ್ತರ ಒಬ್ಬನ. "ನನ್ನ ಕಣ್ಣು ಎಲ್ಲಾರ ಮ್ಯಾಲೂ ಇರ್ತೈತಿ" ಅಂದ. ಇತ್ತು ಖರೇ, ಆದ್ರ ಎಂಟೂ ಪಾಲು ಒಬ್ಬ ನರ್ಸಬಾಯಿ ಮ್ಯಾಲ! ಆಕಿ ಬೆಲ್ಟ್ ನಾಕು ಸಲ ಸರಿ ಮಾಡೂದ್ರೊಳಗ, ಅವರಾಗಿನ ರವಿವಾರ ಪೇಟಿಯ ಒಬ್ಬ ಸಾವ್ಕಾರ ಮುಳಗಾಕ ಕಟ್ಟೂ ಸೀಸದ ಬೆಲ್ಟ್ ಬಿಗಕೊಂಡು ತಳಾ ಸೇರಿದ್ದ. ನೋಡಿದಾಕಿ ನರ್ಸಬಾಯಿನ, ಜಿಗದು, ರಟ್ಟಿ ಹಿಡದು ಎಳಕೊಂಡು ಬಂದ್ಲು. ಮಾಸ್ತರ ಚಪ್ಪಾಳಿ ಹೊಡದ: "ನೋಡಿದ್ರಿಲ್ಲೋ, ಹಿಂಗ ಎತ್ತಬೇಕು!"

೨. ಉಳಿಸಿದ ಗಾಳಿ

ಅದ ಸಾವ್ಕಾರ ಮರುದಿನ ಇಳದಷ್ಟ ಬಿರುಸಿಲೆ ಕಣ್ಣು ತೇಲಿಸಿ ಮ್ಯಾಲ ಬಂದ. ಸಿಲಿಂಡರಿನ ತಿರುಪು ಬಂದ್ ಇತ್ತು.

"ಯಾಕ ಬಂದ್ ಮಾಡೀರಿ?" ಅಂದ ಮಾಸ್ತರ.

"ದಂಡಿ ಮ್ಯಾಲ ಪುಕ್ಕಟ ಗಾಳಿ ಐತಲ್ರಿ, ಸಿಲಿಂಡರಿಂದು ಯಾಕ ಹಾಳು ಮಾಡೂದು?"

"ಮತ್ತ ನೀರಾಗ?"

"ಅಲ್ಲೆ ಹೋದ ಮ್ಯಾಲ ನೆಪ್ಪಾತು!"

೩. ಖಾನಾಪುರದ ಬಾವಿ

ಕಡೀ ಪರೀಕ್ಷಾ ಖಾನಾಪುರದ ಒಂದು ಹೊಲದ ಬಾವ್ಯಾಗ. ಅರಿವಿ ಕಾಯಾಕ ನನ್ನೂ ಕರಕೊಂಡು ಹೋಗಿದ್ರು. ಎಂಟು ಮಂದ್ಯಾಗ ಒಬ್ಬಾಂವ ಖಾಸಬಾಗದ ರಿಟೈರ್ಡ್ ಕ್ಲರ್ಕ್. ಅವನ ಹೆಂಡತಿ ಅಂಜುಬುರುಕಿ, ಗಂಡನ್ನ ಒಬ್ಬನ್ನ ನೀರಿಗೆ ಬಿಡ್ತಿದ್ದಿಲ್ಲ. ದಿನಾ ನನ್ನ ಬಾಜೂಕ ಕುಂದರಾಕಿ. ಮಾಸ್ತರ ಆಕಿ ಕೈಯಾಗ ಪಟ್ಟಿ ಕೊಟ್ಟ: "ಮ್ಯಾಲ ಬಂದ ಮ್ಯಾಲ ಒಬ್ಬೊಬ್ಬರ ಹೆಸರು ಕೂಗ್ರಿ ಬಾಯಾರ." ತಾ ನರ್ಸಬಾಯಿ ಬೆನ್ನ ಹಿಂದ ಇಳದ.

ಮ್ಯಾಲ ಬಂದ್ರು. ಆಕಿ ಏಳು ಹೆಸರು ಕೂಗಿದ್ಲು, ಏಳೂ ಮಂದಿ "ಹಾಂ" ಅಂದ್ರು. ಮಾಸ್ತರ, "ಆತಲ್ಲ, ಚಾ ಕುಡಿಯೂಣು ಬರ್ರಿ" ಅಂದ.

ಆಕಿ ನನ್ನ ಕೈ ಗಟ್ಟಿ ಹಿಡದ್ಲು. "ಯವ್ವಾ, ನಮ್ಮವ್ರು ಬಂದಿಲ್ಲ!"

"ಅವನ ಹೆಸರ ಕೂಗಲಿಲ್ಲಲ್ಲ ನೀ!"

"ಗಂಡನ ಹೆಸರು ಹೆಂಗ ಕೂಗ್ಲಿ?"

ಬಾವ್ಯಾಗ ಒಂದ ಕಡೆ ಗುಳ್ಳಿ ಏಳಾಕ ಹತ್ತಿದ್ವು. ಮೂವತ್ತು ವರ್ಷ ನಾಲಿಗಿ ತುದಿಗೆ ಬರದ ಹೆಸರನ್ನ ಆಕಿ ಎದ್ದು ನಿಂತು ಹಂಗ ಒದರಿದ್ಲು, ಬಾವಿ ಮೂರು ಸಲ ತಿರುಗಿ ಹೇಳ್ತು. ಮಾಸ್ತರ ಚಾ ಬಿಟ್ಟು ಜಿಗದ.

ಹಳೇ ಪಂಪಿನ ಪೈಪಿಗೆ ಬೆಲ್ಟ್ ಸಿಕ್ಕಿತ್ತಂತ. ಮಾಸ್ತರ ಬಿಡಿಸಿ ತಂದ. ಮುದುಕ ಕೆಮ್ಮಿಕೋತ ಮೆಟ್ಟಲಾ ಹಿಡದ. ಆಕಿ ಸೆರಗಿನಾಗ ಮಾರಿ ಮುಚ್ಚಿ ಅಳಾಕ ಹತ್ತಿದ್ಲು.

"ನಿನ್ನ ಉಳಿಸಿದಾಕಿ ಈಕಿ ನೋಡಪಾ, ಹೆಸರು ಹಿಡದು ಕೂಗಿ" ಅಂದೆ ನಾ.

ಮುದುಕ ಕೆಮ್ಮು ನಿಲ್ಲಿಸಿದ. ಹೆಂಡತಿ ಕಡೆ ನೋಡಿದ.

"ಕಿವ್ಯಾಗ ನೀರಿತ್ತು, ಕೇಳಲಿಲ್ಲ" ಅಂದ. "ಇನ್ನೊಮ್ಮೆ ಕರಿ."