ವಿನಾಯಿತಿ ಕೊಡದ ಕಾಕಾ

ನಮ್ಮ ಕಾಕಾ ತಮ್ಮ ಜೀವಮಾನದಲ್ಲಿ ಯಾರಿಗೂ ವಿನಾಯಿತಿ ಕೊಟ್ಟವರಲ್ಲ. ಈ ಒಂದು ಗುಣದಲ್ಲಿ ಅವರಿಗೂ ಯಮನಿಗೂ ಹೋಲಿಕೆಯಿದೆ. ವ್ಯತ್ಯಾಸವೆಂದರೆ ಯಮ ಮುಂಚಿತವಾಗಿ ನೋಟಿಸು ಕಳಿಸುವುದಿಲ್ಲ, ಕಾಕಾ ಕಳಿಸುತ್ತಾರೆ.

ಅವರ ಬಗ್ಗೆ ಬರೆಯಬೇಕೆಂದು ನನಗೆ ಅಪ್ಪಣೆ ಮಾಡಿದವರು ಕಾಕು, ಅಂದರೆ ಅವರ ಹೆಂಡತಿ. ಕಾಕುವಿನ ಶ್ವಾಸಕೋಶದಲ್ಲಿ ಗಡ್ಡೆಯಿದೆ. ಒಳ್ಳೆಯ ಜಾತಿಯ ಗಡ್ಡೆಯಲ್ಲ. ಬೀದರಿನ ಮನೆಯಲ್ಲಿ ದಿಂಬಿಗೆ ಒರಗಿಕೊಂಡೇ, "ಬರಿ ಮಾಸ್ತರ. ಆದರ ಅಳೂ ಹಂಗ ಬರೀಬ್ಯಾಡ. ಅಳೂ ಮಂದಿ ದಿನಾ ಬಂದು ಹೋಗ್ಲತಾರ, ಅವರಿಗಿ ಚಾ ಮಾಡಿ ಮಾಡಿ, ನನ್ನ ನೋಡ್ಕೊಳ್ಲಾಕ ಬಂದ ನಿನ್ನ ಹೆಂಡತಿಗಿ ಸಾಕಾಗ್ಯಾದ" ಎಂದರು. ಆದ್ದರಿಂದ ಓದುಗರು ಕೈಲಾದಷ್ಟು ನಗಬೇಕಾಗಿ ಪ್ರಾರ್ಥನೆ.

ಮೊದಲು ಕಾಕಾನ ಉದ್ಯೋಗ. ನಾನು ಭಾಲ್ಕಿಯಲ್ಲಿ ಇತಿಹಾಸ ಕಲಿಸುವವನು. ಸತ್ತ ಸುಲ್ತಾನರನ್ನು ಬಿಟ್ಟು ಬೇರೆ ಆಡಳಿತ ನನಗೆ ತಿಳಿಯದು. ಆದರೂ ಕಾಕಾ ಹಲವು ಸಲ ವಿವರಿಸಿದ್ದರಿಂದ ಇಷ್ಟು ತಿಳಿದಿದೆ: ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ, ಒಂದು ಗೋದಾಮಿನ ಮೇಲ್ಮಹಡಿಯಲ್ಲಿ ಅವರ ಕಂಪನಿ. ಬೀದರ, ಭಾಲ್ಕಿ, ಔರಾದ ಸುತ್ತಿನ ಸಣ್ಣ ಸಣ್ಣ ಸ್ಕ್ಯಾನಿಂಗ್ ಸೆಂಟರುಗಳ ಚಿತ್ರಗಳನ್ನೆಲ್ಲ ಈ ಕಂಪನಿ ಕ್ಲೌಡಿನಲ್ಲಿ ಕಾಪಾಡುತ್ತದೆ. ಕ್ಲೌಡು ಎಂದರೆ ಎಲ್ಲೋ ದೂರದಲ್ಲಿ ಯಾರದೋ ಕಟ್ಟಡದಲ್ಲಿರುವ ಯಂತ್ರಗಳು. ಅವುಗಳಲ್ಲಿ ಜಾಗ ಬಾಡಿಗೆಗೆ ಸಿಗುತ್ತದೆ. ಬೇಕಾದವರು ಬೇಕಾದಷ್ಟು ಜಾಗ ಹಿಡಿಯಬಹುದು, ಹಿಡಿದು ಮರೆಯಬಹುದು. ಮರೆತದ್ದಕ್ಕೂ ಬಾಡಿಗೆ ಓಡುತ್ತಲೇ ಇರುತ್ತದೆ. ಈ ಮರೆವಿನ ಮೇಲೆ ಯುದ್ಧ ಸಾರಲು ನೇಮಕವಾದವರೇ ನಮ್ಮ ಕಾಕಾ.

ಅವರ ಆಯುಧದ ಹೆಸರು ಪಾಲಿಸಿ. ಕ್ಲೌಡಿನಲ್ಲಿ ಇಟ್ಟ ಪ್ರತಿಯೊಂದಕ್ಕೂ ಒಂದು ಚೀಟಿ ಇರಬೇಕು. ಚೀಟಿಯಲ್ಲಿ ಮೂರು ಮಾತು: ಯಾರದು, ಯಾತಕ್ಕೆ, ಎಲ್ಲಿಯವರೆಗೆ. ಒಂದು ಖಾಲಿಯಿದ್ದರೂ ನೋಟಿಸು. ಉತ್ತರ ಬಾರದಿದ್ದರೆ ಇನ್ನೊಂದು ನೋಟಿಸು. ಆಮೇಲೆ ಭಾನುವಾರ ಬೆಳಿಗ್ಗೆ ಯಂತ್ರ ತಾನಾಗಿಯೇ ಎದ್ದು ಚೀಟಿಯಿಲ್ಲದ್ದನ್ನೆಲ್ಲ ಅಳಿಸಿ ಹಾಕುತ್ತದೆ. ಮನುಷ್ಯರ ಕೈ ಅದಕ್ಕೆ ಸೋಕುವುದಿಲ್ಲ. ಸೋಕಿದರೆ ದಾಕ್ಷಿಣ್ಯ ಅಂಟಿಕೊಳ್ಳುತ್ತದಂತೆ! ಕಾಕಾ ತಮ್ಮ ದಾಕ್ಷಿಣ್ಯವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ, ಯಂತ್ರಕ್ಕೆ ಅದು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಭಾನುವಾರ ನೆಮ್ಮದಿಯಿಂದ ಉಪ್ಪಿಟ್ಟು ತಿನ್ನುತ್ತಿದ್ದರು.

ಒಮ್ಮೆ ಕಂಪನಿಯ ಮಾಲೀಕರೇ ಹೊರಗಿನ ಅತಿಥಿಗಳಿಗೆ ತೋರಿಸಲೆಂದು ಏನೋ ಒಂದು ಪ್ರದರ್ಶನ ಸಿದ್ಧಪಡಿಸಿ ಕ್ಲೌಡಿನಲ್ಲಿ ಇಟ್ಟಿದ್ದರು. ಚೀಟಿ ಹಚ್ಚಿರಲಿಲ್ಲ. ಸೋಮವಾರ ಅತಿಥಿಗಳು ಬಂದು ಕುಳಿತರು, ಮಾಲೀಕರು ಗುಂಡಿ ಒತ್ತಿದರು, ಅತಿಥಿಗಳಿಗೆ ಖಾಲಿ ಗೋಡೆಯ ದರ್ಶನವಾಯಿತು. ಮಾಲೀಕರು ಕೆಂಡವಾಗಿ ಬಂದು, "ಅದು ನಂದ್ರಿ, ನಂದು!" ಎಂದರು.

"ಹಂಗಂತ ಬರ್ದಿದ್ದಿಲ್ಲರಿ," ಎಂದರು ಕಾಕಾ. "ನಿಮಗೂ ನೋಟಿಸು ಬಂದಿತ್ತಲ್ರಿ?"

ಮಾಲೀಕರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಈ ಮನುಷ್ಯ ಹೋದರೆ ಇನ್ನೇನೇನು ತಾನಾಗಿ ಅಳಿಸಿಹೋಗುತ್ತದೋ ಎಂಬ ಭಯ ಅವರಿಗಿತ್ತೆಂದು ಕಾಣುತ್ತದೆ.

ಇಂಥವರು ಕೊಳಾರದಿಂದ ಸಂಜೆ ಮನೆಗೆ ಬರುವಾಗ ಪಾಲಿಸಿಯನ್ನು ಅಲ್ಲೇ ಬಿಟ್ಟು ಬರುತ್ತಾರೆಯೆ? ಫ್ರಿಜ್ಜಿನ ಡಬ್ಬಿಗಳಿಗೆ ಚೀಟಿ ಬಂತು. ಕಪಾಟಿಗೆ ಬಂತು. ಚೀಟಿಯಿಲ್ಲದ ಛತ್ರಿ, ಚೀಟಿಯಿಲ್ಲದ ಸ್ಟೀಲ್ ಡಬ್ಬಿ, ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ, ಎಲ್ಲವೂ ಭಾನುವಾರ ಹೊರಬೀಳುತ್ತಿದ್ದವು. ನನ್ನ ಹೆಂಡತಿ ಪ್ರೀತಿಯಿಂದ ಕುಟ್ಟಿ ಕಳಿಸಿದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, 'ಎಲ್ಲಿಯವರೆಗೆ' ಎಂಬುದು ಖಾಲಿಯಿದ್ದ ಕಾರಣಕ್ಕೆ ಬೀದಿಯ ಪಾಲಾಯಿತು. ಖಾರ ತಿಂದ ನಾಯಿಯೊಂದು ಆ ಓಣಿಗೆ ಮತ್ತೆ ಕಾಲಿಡಲಿಲ್ಲ.

ಕಾಕು ಜಗಳವಾಡಿದವರಲ್ಲ. ಒಂದು ದಿನ ಕಾಕಾ ಆಫೀಸಿಗೆ ಹೊರಡುವಾಗ ಅವರ ಅಂಗಿಯ ಬೆನ್ನಿಗೆ ಮೆಲ್ಲಗೆ ಒಂದು ಚೀಟಿ ಅಂಟಿಸಿದರು. 'ಯಾರದು: ನಂದು. ಯಾತಕ್ಕೆ: ಇನ್ನೂ ತಿಳಿದಿಲ್ಲ. ಎಲ್ಲಿಯವರೆಗೆ: ಸಾಕಾಗುವವರೆಗೆ.' ಕೊಳಾರದವರೆಗೆ ಷೇರ್ ಆಟೋದಲ್ಲಿ ಅವರ ಹಿಂದಿನ ಸೀಟಿನಲ್ಲಿ ಕುಳಿತವರೆಲ್ಲ ಓದಿಕೊಂಡರು. ಸಂಜೆ ಕಾಕಾ ಆ ಚೀಟಿಯನ್ನು ಹಿಡಿದು ಗಂಭೀರವಾಗಿ ಮನೆಗೆ ಬಂದರು.

"ಇದು ನಡಿಯಾಂಗಿಲ್ಲ. ಎರಡನೇದು ಬರೋಬ್ಬರಿ ತುಂಬಬೇಕು."

"ತುಂಬ್ಲಾಕ ನೋಡ್ಲತೀನ್ರಿ," ಎಂದರು ಕಾಕು. "ಮದಿವಿ ಆದಾಗಿಂದ."

ಹೀಗೆಯೇ ಒಂದು ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಅಷ್ಟೂರಿಗೆ ಹೋಗಿದ್ದೆವು. ನಾನು ಗೋರಿಗಳ ಮುಂದೆ ನಿಂತು ಬಹಮನಿಗಳ ವಂಶಾವಳಿ ಶುರುಮಾಡಿದೆ. ಕಾಕಾ ಅಷ್ಟೆತ್ತರದ ಗುಮ್ಮಟವನ್ನು ಮೇಲಿಂದ ಕೆಳಗಿನವರೆಗೆ ತಪಾಸಣೆ ಮಾಡಿ, "ಯಾರದು ಅಂಬೋದು ಅದ. ಯಾತಕ್ಕ ಅಂಬೋದೂ ತಿಳಿತದ. ಎಲ್ಲಿಯವರಿಗಿ ಅಂತ ಹಾಕಿಲ್ಲ ನೋಡು," ಎಂದರು.

"ಒಳಗ ಮಲಗಿದವರಿಗಿ ನೋಟಿಸು ಕಳಸ್ರಿ," ಎಂದರು ಕಾಕು. ನಾವೆಲ್ಲ ನಕ್ಕೆವು. ಕಾಕುವೂ ನಕ್ಕರು; ನಗು ಕೆಮ್ಮಾಯಿತು; ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ದೂಳಿಗೆ ಎಂದುಕೊಂಡೆವು.

ಅದಾಗಿ ಕೆಲವು ವಾರಗಳಿಗೆ ಒಂದು ಶನಿವಾರ ಮಧ್ಯಾಹ್ನ ನಾನು ಅವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಕಾಕಾಗೆ ಫೋನು ಬಂತು. ಗುಟ್ಟಿನ ಮಾತೆಂಬುದೇ ಅವರ ಪಾಲಿಸಿಗೆ ವಿರುದ್ಧವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಔರಾದದ ಸ್ಕ್ಯಾನಿಂಗ್ ಸೆಂಟರಿನ ಟೆಕ್ನೀಷಿಯನ್ ಹೆಣ್ಣುಮಗಳು. ಕಾಕುವಿನ ತವರು ಓಣಿಯವಳು.

"ಸಾಹೇಬ್ರ, ನಮ್ಮದೊಂದು ಸ್ಕ್ಯಾನಿಗಿ ಎರಡನೇ ನೋಟಿಸು ಬಂದದ್ರಿ. ಜರಾ ಇನ್ನೊಂದಿಷ್ಟು ದಿನ ಬಿಡ್ರಿ."

"ಯಾರದು?"

"ಅದು ಹೇಳ್ಲಿಕ್ಕ ಬರಲ್ರಿ."

"ಹೆಸರು ಹಾಕು, ಉಳಿತದ."

"ಹಾಕಬ್ಯಾಡ ಅಂದಾರ್ರಿ ಅವರು."

"ಹಂಗಾದ್ರ ಅದು ಯಾರದೂ ಅಲ್ಲ. ನಾಳಿಗಿ ಹೋಗ್ತದ. ನಾನೇನು ಮಾಡಾಂಗಿಲ್ಲ, ಮಶೀನು ಮಾಡ್ತದ."

ನಾನು ಕಾಕಾನ ತರ್ಕಕ್ಕೆ ತಲೆದೂಗಿದೆ. ಕಾಕು ನನ್ನ ತಾಟಿನ ಮೇಲೆ ರೊಟ್ಟಿ ಹಿಡಿದು ಹಾಗೆಯೇ ನಿಂತಿದ್ದರು. ಆಮೇಲೆ ರೊಟ್ಟಿ ಹಾಕಿ, ಪಲ್ಯ ಇನ್ನೊಂದಿಷ್ಟು ಬೇಕೇನೆಂದು ಕೇಳಿ ಒಳಗೆ ಹೋದರು.

ಕೆಮ್ಮು ದೂಳಿನದಲ್ಲವೆಂದು ತಿಳಿಯುವಷ್ಟರಲ್ಲಿ ಚಳಿಗಾಲ ಕಳೆದಿತ್ತು. ಬೀದರಿನ ದವಾಖಾನೆಯಲ್ಲಿ ವೈದ್ಯರು ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದು, "ಹಿಂದ ಎಲ್ಲ್ಯಾರ ತೆಗಿಸಿದ್ರೇನ್ರಿ? ಹಳೇದಿದ್ರ ಹೊಂದಿಸಿ ನೋಡ್ಬಹುದು. ಇದು ಮೊದಲಿಂದ ಹಿಂಗೇ ಅದನೋ, ಬೆಳಿಲತದನೋ, ಎಷ್ಟು ಜಲ್ದಿ ಬೆಳಿಲತದ, ಎಲ್ಲಾ ತಿಳಿತದ," ಎಂದರು.

ಕಾಕಾ ಇಲ್ಲವೆಂದು ಹೇಳಲು ಬಾಯಿ ತೆರೆಯುವ ಮೊದಲೇ ಕಾಕು, "ಔರಾದದಾಗ ಒಂದು ತೆಗಿಸೀನ್ರಿ," ಎಂದರು. "ಅಣ್ಣನ ಮಗಳ ಕುಬಸದ ಕಾರ್ಯಕ್ಕ ಹೋದಾಗ. ಸಣ್ಣದೊಂದು ಚುಕ್ಕಿಯಂಥಾ ಕಲಿ ಅದ, ಕೆಲವು ತಿಂಗಳ ಬಿಟ್ಟು ಮತ್ತ ನೋಡ್ರಿ ಅಂದಿದ್ರು."

ಕಾಕಾ ಹೆಂಡತಿಯ ಮುಖ ನೋಡಿದರು. ಆದರೆ ಅವರ ಮೊದಲ ಭಾವ, ಹೇಳಲು ನನಗೇ ಸಂಕಟವಾಗುತ್ತದೆ, ಹೆಮ್ಮೆ. "ಔರಾದದ್ದೆಲ್ಲಾ ನಮ್ಮಲ್ಲೇ ಇರ್ತಾವ್ರಿ ಡಾಕ್ಟರ್, ಒಂದು ನಿಮಿಷ," ಎಂದು ಹೊರಗೆ ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕಾಕುವಿನ ಹೆಸರು ಹುಡುಕಿದರು. ಇರಲಿಲ್ಲ. ಔರಾದಕ್ಕೆ ಫೋನು ಮಾಡಿದರು. ಸ್ಪೀಕರ್ ಹಾಕಿಯೇ.

"ಸಾಹೇಬ್ರ," ಎಂದಳು ಆ ಹೆಣ್ಣುಮಗಳು, "ಅಕ್ಕಾ ಹೆಸರು ಹಾಕಬ್ಯಾಡ ಅಂದಿದ್ರು. ಹಾಕಿದ್ರ ನಿಮ್ಮ ಕಣ್ಣಿಗಿ ಬೀಳ್ತದ ಅಂತ. ಫಿಲ್ಮ್ ಸುದ್ದಾ ಒಯ್ಲಿಲ್ಲ, ನಮ್ಮ ಮನಿಯಾಗ ಬಚ್ಚಿಡ್ಲಿಕ್ಕ ಜಾಗಾ ಇಲ್ಲ ಅಂದ್ರು. ನಾ ನಿಮಗ ಫೋನ್ ಮಾಡಿದ್ದೆನಲ್ರಿ, ಜರಾ ಬಿಡ್ರಿ ಅಂತ?"

ಕಾಕಾ ಫೋನನ್ನು ಬೆಂಚಿನ ಮೇಲೆ ಇಟ್ಟರು. ಅವಳು ಇನ್ನೂ ಮಾತಾಡುತ್ತಿದ್ದಳು. ಕ್ಲೌಡಿನಲ್ಲಿರುವುದಕ್ಕೆ ಸೆಂಟರಿನಲ್ಲಿ ಎರಡನೇ ಪ್ರತಿ ಇಡಬಾರದೆಂಬುದೂ ಅವರದೇ ಪಾಲಿಸಿಯಾಗಿತ್ತು. ದುಂದು ಎಂದು ಅವರೇ ವಾದಿಸಿ ಗೆದ್ದಿದ್ದರು. ಇಷ್ಟು ನಿರ್ದುಷ್ಟವಾಗಿ ಕೆಲಸ ಮಾಡಿದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಳೆಯದಿಲ್ಲದೆ ಏನನ್ನೂ ಖಚಿತವಾಗಿ ಹೇಳಲಾಗದೆಂದು ವೈದ್ಯರು ಸೂಜಿ ಹಾಕಿ ಗಡ್ಡೆಯ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂತು. ಕೆಟ್ಟದ್ದು. ಹಳೆಯ ಚಿತ್ರವಿದ್ದಿದ್ದರೆ ಏನಾದರೂ ಬೇರೆಯಾಗುತ್ತಿತ್ತೆ ಎಂದು ಕಾಕಾ ಕೇಳಿದರು. ವೈದ್ಯರು ಸಭ್ಯರು, ಕಿಟಕಿಯ ಕಡೆ ನೋಡಿದರು.

ಮನೆಗೆ ಬಂದ ಮೇಲೆ ಕಾಕಾ ಕಾಕುವಿನ ಮಂಚದ ಎದುರು ಕುರ್ಚಿ ಹಾಕಿಕೊಂಡು, ಆಫೀಸಿನಲ್ಲಿ ವರದಿ ಒಪ್ಪಿಸುವವರಂತೆ ನೆಟ್ಟಗೆ ಕುಳಿತರು. ನಾನು ಏಳಲು ಹೋದೆ. "ಕೂಡು ಮಾಸ್ತರ," ಎಂದರು ಕಾಕು. "ಇವರು ಏನ್ ಹೇಳ್ತಾರೋ, ಸಾಕ್ಷಿ ಇರ್ಲಿ."

"ಅಳಿಸಿದ್ದು ನಾನು," ಎಂದರು ಕಾಕಾ.

"ಮಶೀನು ಅಳಿಸ್ತದ ಅಂತಿದ್ರಲ್ಲ?"

"ನಾನು. ಔರಾದದ ಅಕಿಗಿ ಯಾರದು ಅಂತ ಕೇಳ್ದೆ. ಯಾಕ ಹೇಳಾಂಗಿಲ್ಲ ಅಂತ ಕೇಳಬೇಕಾಗಿತ್ತು."

ಕಾಕು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು. "ನಾ ಅಲ್ಲೇ ಇದ್ದೆನಲ್ರಿ. ರೊಟ್ಟಿ ಹಾಕ್ಲತಿದ್ದೆ. ನಂದು ಅಂತ ಒಂದು ಮಾತು ಅಂದಿದ್ರ ಮುಗಿತಿತ್ತು. ಅನ್ಲಿಲ್ಲ."

"ಯಾಕ?"

"ಫೋಟೋ ಹೋದ್ರ ಕಲಿನೂ ಹೋಗ್ತದ ಅನಿಸ್ತು. ಹುಚ್ಚಿ ಹಂಗ." ಕಾಕು ನಗಲು ನೋಡಿದರು. "ಮತ್ತ ನಿಮಗ ತಿಳಿದಿದ್ರ ನೀವು ಹೆದರ್ತಿದ್ರಿ."

"ನಾ ಯಾಕ ಹೆದರ್ಲಿ?"

ಕಾಕು ನನ್ನ ಕಡೆ ತಿರುಗಿದರು. "ನೋಡು ಮಾಸ್ತರ, ಬರಿಯಾಗ ಇದೊಂದು ಹಾಕು. ಈ ಮನುಷ್ಯಾ ಹೆದರ್ತಾರ. ಯಾವುದು ಎಲ್ಲಿ ಕಳದು ಹೋಗ್ತದೋ ಅಂತ ಸದಾ ಹೆದರಿಕಿ. ಅದಕ್ಕ ಇಷ್ಟೆಲ್ಲಾ ಚೀಟಿ. ನಿಮಗೆಲ್ಲಾ ತಮಾಷಾ ಕಾಣ್ತದ."

ನಾನು ಇಷ್ಟು ವರ್ಷ ನಕ್ಕಿದ್ದೇನೆ. ಕಾಕಾ ಮಾತ್ರ ತಮ್ಮ ಬಗ್ಗೆ ಹೊಸ ವಿಷಯ ಕೇಳಿದವರಂತೆ ಕುಳಿತಿದ್ದರು.

ಮರುವಾರ ಅವರು ಕೊಳಾರಕ್ಕೆ ಹೋಗಿ ಪಾಲಿಸಿ ತಿದ್ದಿದರು. ಈಗ ಯಂತ್ರ ತಾನಾಗಿ ಏನನ್ನೂ ಅಳಿಸುವುದಿಲ್ಲ. ಚೀಟಿ ಖಾಲಿಯಿದ್ದರೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಫೋನು ಮಾಡಿ, ಯಾಕೆ ಎಂದು ಕೇಳಿ, ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಆ ಮನುಷ್ಯ ಕಾಕಾನೇ. "ಇನ್ನ ಮ್ಯಾಲ ನಿಮ್ಮ ಫೋನ್ ಬಂದ್ರ ಮಂದಿ ಗಾಬರಿಗಿ ತಾವೇ ಅಳಿಸಿ ಕೂಡ್ತಾರ," ಎಂದರು ಕಾಕು.

ಕಾಕುವಿಗೆ ಕಿರಣದ ಚಿಕಿತ್ಸೆ ಹೈದರಾಬಾದಿನಲ್ಲಿ. ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಚಿಕಿತ್ಸೆಯ ಕೋಣೆಗೆ, ಕಿರಣ ಹೊರಗೆ ಬಾರದಂತೆ, ಬ್ಯಾಂಕಿನ ತಿಜೋರಿಗಿರುವಂಥ ದಪ್ಪ ಬಾಗಿಲು. ಅದನ್ನು ಮುಚ್ಚುವ ಕೆಲಸದಲ್ಲಿದ್ದ ನರ್ಸಬಾಯಿ ನಮ್ಮ ಭಾಲ್ಕಿ ಹತ್ತಿರದ ಭಾತಂಬ್ರಾದವಳು. ನಮ್ಮ ಮಾತು ಕೇಳಿ ಊರವರೆಂದು ಗುರುತು ಹಿಡಿದಳು. ಕಾಕು ಒಳಗೆ ಹೋದರು. ಹೋಗುವಾಗ ತಿರುಗಿ ನೋಡಲಿಲ್ಲ.

ಆಗ ನಮ್ಮ ಕಾಕಾ ಆ ನರ್ಸಿನ ಹತ್ತಿರ ಹೋಗಿ, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಹೇಳಿದರು. "ಬಾಯಾರ, ನಂಗೊಮ್ಮಿ ಒಳಗ ಬಿಡ್ರಿ. ಇದೊಂದೇ ಸಲ. ಮತ್ತ ಕೇಳಾಂಗಿಲ್ಲ."

"ಬಿಡ್ಲಿಕ್ಕ ಬರಲ್ರಿ ಸಾಹೇಬ್ರ," ಎಂದಳು ಅವಳು. "ಯಾರಿಗೂ ಬಿಡಾಂಗಿಲ್ಲ. ನಾ ಸುದ್ದಾ ಹೊರಗೇ ಇರ್ತೀನಿ."

"ಹೌದ್ರಿ," ಎಂದರು ಕಾಕಾ. "ಬರೋಬ್ಬರಿ ಅದ. ಹಂಗೇ ಇರಬೇಕು."

ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿತು. ಕಾಕಾ ಬೆಂಚಿಗೆ ಬರಲಿಲ್ಲ. ಬಾಗಿಲಿಗೆ ಅಂಗೈ ಹಚ್ಚಿ ನಿಂತು, ಕಾರಿಡಾರಿನಲ್ಲಿದ್ದ ಮಂದಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ, "ನಾ ಇಲ್ಲೇ ಇದ್ದೀನಿ!" ಎಂದರು.

"ಒಳಗ ಕೇಳ್ಸಲ್ರಿ ಸಾಹೇಬ್ರ," ಎಂದಳು ನರ್ಸಬಾಯಿ.

"ಗೊತ್ತದ ತಂಗಿ," ಎಂದರು ಕಾಕಾ. ಮತ್ತೆ ಬಾಗಿಲ ಕಡೆ ಮುಖ ಮಾಡಿ, ಇನ್ನಷ್ಟು ಜೋರಾಗಿ ಅದನ್ನೇ ಹೇಳಿದರು.