ಸೀಲು ಬೀಳದ ಫಾರಿನ್ನು

ಜಂಬ ಪಡಲು ಒಂದು ಕಾರಣ ಇದ್ದರೆ ಸಾಕು ಎಂದು ಬಹಳ ಕಾಲ ನಂಬಿದ್ದೆ. ಸಾಲದು, ಅದಕ್ಕೊಂದು ಸೀಲೂ ಬೇಕು. ಇದನ್ನು ನನಗೆ ಕಲಿಸಿದವರು ನೆಮ್ಮಾರಿನ ಭಾವ, ಅಂದರೆ ನನ್ನ ಹೆಂಡತಿ ವಿಶಾಲಾಕ್ಷಿಯ ಅಣ್ಣ. ಅವರು ಒಮ್ಮೆ ಟೂರಿನವರ ಜೊತೆ ಐದು ದಿನ ಸಿಂಗಾಪುರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಏನು ನೋಡಿದಿರಿ ಎಂದರೆ ಹೆಚ್ಚೇನೂ ಹೇಳರು. ಪಾಸ್‌ಪೋರ್ಟ್ ತಂದು ಸೀಲು ಬಿದ್ದ ಪುಟವನ್ನು ಎದುರಿಗಿಡುವರು. ಹೀಗಾಗಿ ಎರಡು ಸಾವಿರದ ಒಂಬತ್ತರಲ್ಲಿ ವಿಶಾಲಾಕ್ಷಿ ಕಾಶಿಗೆ ಹೋಗೋಣ ಎಂದಾಗ, ಜೀಪಿನಲ್ಲೇ ಹೋಗೋಣ, ಹಾಗೇ ನೇಪಾಳಕ್ಕೂ ಹೋಗಿ ಪಶುಪತಿನಾಥನನ್ನು ನೋಡಿ ಬರೋಣ ಎಂದೆ. ಗಂಡನಿಗೆ ಭಕ್ತಿ ಬಂತೆಂದು ಅವಳು ಸಂತೋಷಪಟ್ಟಳು. ನಾನು ಮರುದಿನವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ನೇಪಾಳಕ್ಕೆ ಅದೆಲ್ಲ ಬೇಡ ಮಾರಾಯ ಎಂದು ಕೊಪ್ಪದಲ್ಲಿ ನಾಲ್ಕು ಜನ ಹೇಳಿದರು. ನೇಪಾಳಕ್ಕೆ ಬೇಡದಿರಬಹುದು, ನೆಮ್ಮಾರಿಗೆ ಬೇಕಲ್ಲ.

ಕೊಪ್ಪದಿಂದ ಗಡಿಯವರೆಗೆ ಆರು ದಿನ ಜೀಪು ಓಡಿಸಿದವನು ನಾನೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಅವಕಾಶ ಸಿಗಲಿಕ್ಕಿಲ್ಲ. ಶೃಂಗೇರಿ, ನರಸಿಂಹರಾಜಪುರದ ರಸ್ತೆಗಳಲ್ಲಿ ಪಳಗಿದ ಕೈಗೆ ತಿರುವಿಗೊಂದು ಹಾರ್ನ್ ಹೊಡೆಯದಿದ್ದರೆ ಸಮಾಧಾನವಿಲ್ಲ. ನಾಗಪುರ ದಾಟಿದ ಮೇಲೆ ನೋಡಿದರೆ ತಿರುವುಗಳೇ ಇಲ್ಲ. ಗಂಟೆಗಟ್ಟಲೆ ನೇರ ರಸ್ತೆ. ಕೈ ಚಡಪಡಿಸಿ ಕೊನೆಗೆ ಮೈಲಿಗಲ್ಲು ಕಂಡಲ್ಲೆಲ್ಲ ಹಾರ್ನ್ ಹೊಡೆಯತೊಡಗಿದೆ. ವಿಶಾಲಾಕ್ಷಿಗೂ ಲೈಸೆನ್ಸ್ ಇತ್ತು. ತೋಟದಿಂದ ಕಾಫಿ ಮೂಟೆ ತರಲೆಂದು ಕಲಿತವಳು. ದಾರಿಯಲ್ಲಿ ಎರಡು ಸಲ ಸ್ಟೇರಿಂಗ್ ಕೇಳಿದಳು. ತೋಟದ ದಾರಿ ಬೇರೆ, ದೇಶದ ದಾರಿ ಬೇರೆ ಎಂದೆ. ನೇಪಾಳದ ಘಾಟಿ ಬರಲಿ, ಕೊಪ್ಪದವನ ಡ್ರೈವಿಂಗ್ ಏನೆಂದು ತೋರಿಸುತ್ತೇನೆ ಎಂದೂ ಸೇರಿಸಿದೆ. ಅವಳು ಕೋಡುಬಳೆಯ ಡಬ್ಬ ಮುಂದೆ ಹಿಡಿದಳು.

ಕಾಶಿ ಮುಗಿಸಿ ಗಡಿಗೆ ಬಂದು ಇಳಿದವನೇ ಪಾಸ್‌ಪೋರ್ಟ್ ಹಿಡಿದು ಓಡಿದೆ. ಭಾರತದವರಿಗೆ ಸೀಲು ಹಾಕುವ ಕ್ರಮವಿಲ್ಲ, ಸುಮ್ಮನೆ ಹೋಗಿ ಎಂದರು ಅಲ್ಲಿನ ಅಧಿಕಾರಿ. ನನ್ನ ಹರುಕುಮುರುಕು ಹಿಂದಿಯಲ್ಲಿ ಭಾವನ ಸಿಂಗಾಪುರದ ವಿಷಯವನ್ನೆಲ್ಲ ವಿವರಿಸಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಪಕ್ಕದ ಕಿಟಕಿಗೆ ಹೋದೆ, ಮತ್ತೆ ಮೊದಲಿನ ಕಿಟಕಿಗೇ ಬಂದೆ. ಒಂದು ಗಂಟೆ ಕಳೆದು ಸೋತು ಮರಳಿದರೆ ವಿಶಾಲಾಕ್ಷಿಯ ಕೈಯಲ್ಲೊಂದು ಕಾಗದ. ನಮಗೆ ಬೇಡವಾದರೂ ಜೀಪಿಗೆ ಪರವಾನಗಿ ಬೇಕಂತೆ. ನನ್ನನ್ನು ಕಾದು ಸಾಕಾಗಿ, ತನ್ನ ಲೈಸೆನ್ಸ್ ತೋರಿಸಿ ಅವಳೇ ಮಾಡಿಸಿಬಿಟ್ಟಿದ್ದಳು. ಅದರ ಮೇಲೆ ಒಂದಲ್ಲ, ಮೂರು ಸೀಲು. ಚಾಲಕರ ಜಾಗದಲ್ಲಿ ಅವಳ ಹೆಸರು. ನಾನು ಸ್ಟೇರಿಂಗ್ ಹಿಡಿದು ಕೂತರೆ ಗೇಟಿನವರು ಬಿಡಲಿಲ್ಲ. ಕಾಗದದಲ್ಲಿ ಹೆಸರಿದ್ದವರೇ ಓಡಿಸಬೇಕು ಎಂದರು.

"ಆಚೆ ಬದಿ ಕೂತ್ಕೊಳ್ಳಿ. ಡಬ್ಬ ನಿಮ್ಮ ಹತ್ರ ಇರ್ಲಿ" ಎಂದಳು ವಿಶಾಲಾಕ್ಷಿ.

ಆರು ದಿನದಿಂದ ನಾನು ಹಂಬಲಿಸಿದ್ದ ತಿರುವುಗಳೆಲ್ಲ ಮರುದಿನ ಒಟ್ಟಿಗೇ ಬಂದವು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಆಳದಲ್ಲಿ ನದಿ. ನಾನು ಎಡಗಡೆ ಕೂತು ಇಲ್ಲದ ಬ್ರೇಕು ತುಳಿಯುತ್ತಿದ್ದೆ. ಅವಳು ತಿರುವಿಗೊಂದು ಹಾರ್ನ್ ಹೊಡೆಯುತ್ತ, ಹೊತ್ತಿಗೆ ಸರಿಯಾಗಿ ಗೇರ್ ಇಳಿಸುತ್ತ, ತೋಟದ ದಾರಿಯಲ್ಲಿ ಹೋದಷ್ಟೇ ನಿರಾಳವಾಗಿ ಹತ್ತಿಸಿದಳು. ಒಂದು ಕಡೆ ಮೂಟೆ ತುಂಬಿದ ಲಾರಿ ಎದುರಾಗಿ ಎರಡೂ ಗಾಡಿಗಳು ಸಿಕ್ಕಿಕೊಂಡವು. ಅವಳು ಹಿಂದೆ ನೋಡುತ್ತ ಇಡೀ ತಿರುವನ್ನು ರಿವರ್ಸಿನಲ್ಲಿ ಇಳಿದು ದಾರಿ ಬಿಟ್ಟಳು. ಲಾರಿಯ ಡ್ರೈವರ್ ನಿಲ್ಲಿಸಿ ಅವಳಿಗೆ ಕೈಮುಗಿದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅವಳಿಗಿಂತ ಮೊದಲು ನಾನೇ ತಿರುಗಿ ಕೈಮುಗಿದೆ.

ಊರಿಗೆ ಬಂದ ವಾರದೊಳಗೆ ಭಾವ ಬಂದರು. ವಿಶಾಲಾಕ್ಷಿ ಒಳಗೆ ಕಾಫಿ ಮಾಡುತ್ತಿದ್ದಳು. ಆ ಧೈರ್ಯದ ಮೇಲೆ ನಾನು ಘಾಟಿಯ ಕತೆ ಹೇಳಿದೆ. ಹೇಳುವ ಭರದಲ್ಲಿ ರಿವರ್ಸ್ ತಂದದ್ದು ನಾನೇ ಆಗಿಬಿಟ್ಟಿದ್ದೆ. ಭಾವ ಎಲ್ಲ ಕೇಳಿ, ನನ್ನ ಪಾಸ್‌ಪೋರ್ಟ್ ತರಿಸಿ, ಒಂದೊಂದೇ ಪುಟ ಮಗುಚಿದರು.

"ಸೀಲೇ ಇಲ್ವಲ್ಲ ಭಾವ. ನೀವು ಕಾಶಿಯಿಂದಲೇ ತಿರುಗಿ ಬಂದದ್ದಾ ಎಂತ?"

ಧರ್ಮಸಂಕಟಕ್ಕೆ ಬಂತು. ಕಾಗದ ತೋರಿಸಿದರೆ ಕತೆ ಹೋಗುತ್ತದೆ, ತೋರಿಸದಿದ್ದರೆ ನೇಪಾಳವೇ ಹೋಗುತ್ತದೆ. ಕೊನೆಗೆ ನೇಪಾಳವನ್ನು ಉಳಿಸಿಕೊಂಡೆ. ಭಾವ ಕನ್ನಡಕ ಏರಿಸಿ ಮೂರು ಸೀಲು ಮುಟ್ಟಿ ನೋಡಿದರು. ಆಮೇಲೆ ನಾಗರಿ ಅಕ್ಷರಗಳನ್ನು ಕೂಡಿಸಿಕೊಂಡು ತಂಗಿಯ ಹೆಸರನ್ನು ಗಟ್ಟಿಯಾಗಿ ಓದಿದರು. ಕಾಫಿ ತಂದ ವಿಶಾಲಾಕ್ಷಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಕಾಗದವನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡು ಹೋದರು.

ಈಗ ನೆಮ್ಮಾರಿನಿಂದ ಶೃಂಗೇರಿಯವರೆಗೆ ಅದನ್ನು ನೋಡದವರಿಲ್ಲ. ಮೊನ್ನೆ ಒಂದು ಮದುವೆಮನೆಯಲ್ಲಿ ಗುರುತಿಲ್ಲದವರೊಬ್ಬರು ನನ್ನ ಹತ್ತಿರ ಬಂದು, ನೇಪಾಳಕ್ಕೆ ಜೀಪು ಓಡಿಸಿದ ವಿಶಾಲಾಕ್ಷಮ್ಮನ ಯಜಮಾನರು ನೀವೇ ಅಲ್ವಾ, ನೀವೂ ನೇಪಾಳ ನೋಡಿದ್ದೀರಾ ಎಂದು ಕೇಳಿದರು. ಎದೆಯುಬ್ಬಿಸಿಯೇ ಹೇಳಿದೆ: ಎಡಗಡೆಯದನ್ನು ಪೂರ್ತಿ ನೋಡಿದ್ದೇನೆ.